ನಲವತ್ತೊಂದನೇ ಪುಟ

ಏಳಕ್ಕೆ ನಾಲ್ಕು.
ಇಂಗ್ಲಿಷ್ ವಿಭಾಗದ ಸಭೆಯಲ್ಲಿ ಎತ್ತಿದ ಕೈ ಎಣಿಸಿದವಳು ನಾನೇ;
ನನಗೆ ಮತವಿರಲಿಲ್ಲ, ಪೆನ್ನಿತ್ತು.
ಹಳೆಯ ಕಾದಂಬರಿ ಹೊರಗೆ, ಹೊಸದು ಒಳಗೆ,
ಜನವರಿಯಿಂದ, ಹತ್ತನೇ ತರಗತಿಗೆ.

ವೈಯಾಲಾ. ಡಿಸೆಂಬರ್. ನಲವತ್ಮೂರು ಡಿಗ್ರಿ.
ಉಕ್ಕಿನ ಕಾರ್ಖಾನೆಯ ಕೆಂಧೂಳು
ಮುಚ್ಚಿದ ಕಿಟಕಿಯ ಅಪ್ಪಣೆ ಕೇಳುವುದಿಲ್ಲ;
ಉಗ್ರಾಣದ ಪುಸ್ತಕಗಳ ಅಂಚಿಗೆಲ್ಲ
ಯಾರೋ ಕುಂಕುಮ ಇಟ್ಟ ಹಾಗಿದೆ.
ಮೂವತ್ತೊಂದು ಪ್ರತಿ ಎಣಿಸಬೇಕು,
ರಟ್ಟು ಕಿತ್ತು ಬೇರೆ, ಹಾಳೆ ಬೇರೆ.
ಅಂಟು ಹತ್ತಿದ ರಟ್ಟು ರದ್ದಿಯವರಿಗೆ ಬೇಡವಂತೆ.

ಹಳೆಯದರ ಪರ ನಿಂತವರು ಹಾಲಿಕ್ ಮೇಷ್ಟ್ರು,
ನಿವೃತ್ತಿಗೆ ಇನ್ನೆರಡೇ ವರ್ಷ:
"ಕಷ್ಟದ್ದನ್ನು ಇಲ್ಲಿ ಓದದಿದ್ದರೆ ಇನ್ನೆಲ್ಲಿ ಓದ್ತಾರೆ?
ಸಲೀಸಾದದ್ದು ಅವರ ಜೇಬಿನಲ್ಲೇ ಇದೆ."
ಬ್ರಾನ್ವಿನ್ ಟ್ರೆಲೋರ್ ವಾದ ಮಾಡಲಿಲ್ಲ,
ನಲವತ್ತೊಂದನೇ ಪುಟ ಗಟ್ಟಿಯಾಗಿ ಓದಿದಳು.
ಅಲ್ಲೊಬ್ಬ ಆಳು ಬರುತ್ತಾನೆ, ದೀಪ ಇಡುತ್ತಾನೆ, ಹೋಗುತ್ತಾನೆ.
"ಹೆಸರಿಲ್ಲ. ನನ್ನ ಅರ್ಧ ತರಗತಿ ಇವನ ಮನೆಯವರೇ.
ಹೊಸ ಪುಸ್ತಕದಲ್ಲಿ ಮೊದಲ ಸಾಲೇ ಅವನದು."
ಇಬ್ಬರೂ ಸರಿ. ಬಿಸ್ಕತ್ತು ಖಾಲಿಯಾಯಿತು.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತದೆ ಗಾದೆ.
ಆ ಒಕ್ಕಾಲು ಯಾವ ಪುಸ್ತಕದ್ದೆಂದು ಹೇಳುವುದಿಲ್ಲ.

ಪ್ರತಿ ರಟ್ಟಿನ ಒಳಗೂ ರಬ್ಬರ್ ಮುದ್ರೆಯ ಚೌಕ:
ಹೆಸರು, ತರಗತಿ, ವರ್ಷ.
೧೯೮೧, ಡ್ಯಾರೆನ್ ಪೊಕಾಕ್. ೧೯೮೭, ಸ್ಟಾವ್ರೂಲಾ.
೨೦೦೬, ಮತ್ತೊಬ್ಬಳು ಪೊಕಾಕ್, ಮಗಳಿರಬೇಕು.
ಮೊದಲ ಪುಟದ ಲೇಖಕರಿಗೆ ಮೂರು ತಲೆಮಾರಿನ ಮೀಸೆ
ಒಂದರ ಮೇಲೊಂದು.
ಅಂಚಿನಲ್ಲಿ ಪೆನ್ಸಿಲ್: "ಇವನು ಅವಳಿಗೆ ಹೇಳಬಾರದಾ?"
ಕೆಳಗೆ ನೀಲಿ ಶಾಯಿ: "ಹೆದರಿಕೆ ಕಣೋ, ದಡ್ಡ."
ಅದಕ್ಕೂ ಕೆಳಗೆ ಹಸಿರು ಜೆಲ್ ಪೆನ್:
"ಹೆದರಿಕೆ ಅಲ್ಲ. ಸೊಕ್ಕು."
ಇಪ್ಪತ್ತು ವರ್ಷದ ಜಗಳ,
ಒಬ್ಬರ ಮುಖ ಒಬ್ಬರು ಕಾಣದವರದ್ದು.
ರಟ್ಟು ಕೀಳುವ ಕೈ ನಿಧಾನವಾಯಿತು.

ಆದರೂ ತಿರುವಿ ನೋಡಿದೆ, ಒಂದೊಂದನ್ನೂ.
ಮುನ್ನೂರು ಪುಟದ ಮಾತೆಲ್ಲ
ಅವನಿಟ್ಟ ಬೆಳಕಿನಲ್ಲೇ ನಡೆಯುತ್ತದೆ,
ನಲವತ್ತೊಂದರ ಅಂಚು ಮಾತ್ರ ಎಲ್ಲ ಪ್ರತಿಯಲ್ಲೂ ಬಿಳಿ.
ಅವನಿಗಾಗಿ ಯಾರೂ ಜಗಳ ಆಡಿರಲಿಲ್ಲ.

ಹೊಸದು ಮೇಜಿನ ಮೇಲಿದೆ, ಪ್ಲಾಸ್ಟಿಕ್ಕಿನೊಳಗೆ.
ಓದಿದ್ದೇನೆ, ಬಸ್ಸಿನಲ್ಲಿ, ಎರಡು ದಿನ.
ಒಂದು ಕಡೆ ಅತ್ತೆ. ಎಲ್ಲೂ ನಿಲ್ಲಲಿಲ್ಲ.
ಇದು ಹೊಗಳಿಕೆಯೋ ದೂರೋ ನನಗೇ ಗೊತ್ತಿಲ್ಲ.

ಎಣಿಸಿದರೆ ಮೂವತ್ತು.
ಮೂವತ್ತೊಂದನೆಯದು ಕೊನೆಯ ಗಂಟೆಯ ಮೇಲೆ ಬಂತು,
ಜೋಮಾರ್‌ನ ಕಂಕುಳಲ್ಲಿ, ಬೆವರಿ.
ಕಂಪ್ಯೂಟರ್ ಅಂದಿತು: ಈ ಶೀರ್ಷಿಕೆ ನಮ್ಮಲ್ಲಿಲ್ಲ.
"ದಂಡ ಎಷ್ಟು?"
ಇಲ್ಲದ ಪುಸ್ತಕಕ್ಕೆ ದಂಡ ಹಾಕುವ ಗುಂಡಿ ಇಲ್ಲ.
"ಹಾಗಾದ್ರೆ ಇಟ್ಕೊಳ್ಲಾ? ಇನ್ನೂ ಅರವತ್ತು ಪುಟ ಇದೆ.
ಬೋರ್ ಹೊಡೀತಿತ್ತು.
ಆಮೇಲೆ ಯಾವಾಗ ನಿಂತಿತೋ ಗೊತ್ತಾಗ್ಲಿಲ್ಲ."

ಕೈ ತಾನಾಗಿ ತಿರುವಿತು. ನಲವತ್ತೊಂದು.
ಮಾಸಿದ ಪೆನ್ಸಿಲ್, ಯಾವುದೋ ಕಾಲದ ಗುಂಡು ಅಕ್ಷರ:
"ಇವನ ಹೆಸರೇನು?"
ಕೆಳಗೆ ಈ ವರ್ಷದ ಬಾಲ್‌ಪೆನ್:
"ಕ್ರಿಸಾಂತೊ. ನಮ್ಮ ತಾತ. ಹಡಗಿನಲ್ಲಿ ಇದೇ ಕೆಲಸ."

ಶಾಲೆಯ ಆಸ್ತಿಯ ಮೇಲೆ ಬರೆಯಬಾರದು, ಅಂದೆ.
ತಲೆಯಾಡಿಸಿದ. ಪುಸ್ತಕ ಚೀಲಕ್ಕಿಳಿಸಿ
ಬಾಗಿಲು ತೆಗೆದ. ಬಿಸಿಗಾಳಿ ಒಳಬಂತು.
ಎಣಿಕೆಯ ಹಾಳೆಯಲ್ಲಿ ಬರೆದೆ: ಒಂದು ಕಳೆದಿದೆ.

ಆಮೇಲೆ ಹೊಸದಕ್ಕೆ ಮುದ್ರೆ ಒತ್ತಲು ಕೂತೆ.
ಹೆಸರು, ತರಗತಿ, ವರ್ಷ.
ಚೌಕ ಖಾಲಿ, ಕಾಗದ ತೆಳು, ಅಂಚು ಕಿರಿದು.
ಹೆಬ್ಬೆರಳಿಟ್ಟು ಅಳೆದೆ:
ಪೆನ್ಸಿಲ್ ಹಿಡಿಸೀತು.