ಉತ್ತಮ ಪುರುಷ

ಬೂಡೋದಲ್ಲಿ ನವೆಂಬರೆಂದರೆ ಮಧ್ಯಾಹ್ನ ಎರಡಕ್ಕೇ ದೀಪ.
ಮೂರನೇ ಮಹಡಿ, ವಲಸೆ ಕಚೇರಿ.
ಮೇಜಿನಾಚೆ ತೂರುನ್, ಈಚೆ ಹಬ್ತೋಮ್,
ನಡುವೆ ನಾನು,
ಗಂಟೆಗಿಷ್ಟೆಂದು ಬಾಡಿಗೆಗೆ ಬಂದ ನಾಲಿಗೆ.

ದುಭಾಷಿ 'ಅವನು' ಅನ್ನಕೂಡದು, ಅದು ನಿಯಮ.
ಅವನು ನಾನು ಅಂದರೆ ನನ್ನ ಬಾಯಲ್ಲೂ ನಾನು,
ಉತ್ತಮ ಪುರುಷ, ಏಕವಚನ.
ಹೀಗೆ ಈ ಹನ್ನೊಂದು ವರ್ಷದಲ್ಲಿ
ನಾನು ಮರಳುಗಾಡು ದಾಟಿದ್ದೇನೆ,
ದೋಣಿಯಲ್ಲಿ ವಾಂತಿ ಮಾಡಿಕೊಂಡಿದ್ದೇನೆ,
ಲಿಬಿಯಾದ ಕಂಬಿ ಎಣಿಸಿದ್ದೇನೆ,
ಸಂಜೆ ಬಸ್ಸಿಳಿದು ಮೀನು ಕೊಂಡು ಮನೆಗೆ ಹೋಗಿದ್ದೇನೆ.

ತೂರುನ್ ಹಾಳೆ ತಿರುಗಿಸಿದಳು.
ಖಾರ್ತೂಮಿನಲ್ಲಿ ಮೂವರು ಮಕ್ಕಳ ಕೆನ್ನೆಯೊಳಗೆ
ಆಡಿಸಿ ತೆಗೆದ ಹತ್ತಿಕಡ್ಡಿ
ಓಸ್ಲೋದಲ್ಲಿ ಬಾಯಿ ಬಿಟ್ಟಿತ್ತು.
ಮೇರೋನ್, ಹೌದು. ಸಾಮ್ರೋಮ್, ಹೌದು.
ಲುವಾಮ್, ಏಳು ವರ್ಷ,
ಶೇಕಡಾ ಸೊನ್ನೆ.

'ನೀವು ಅವಳ ಜೈವಿಕ ತಂದೆಯಲ್ಲ. ಗೊತ್ತಿತ್ತೆ?'

ಜೈವಿಕ ತಂದೆಗೆ ನಮ್ಮ ನುಡಿಯಲ್ಲಿ ಮಾತಿಲ್ಲ.
ರಕ್ತದ ಅಪ್ಪ ಅಂದೆ.
ಯಾರನ್ನೋ ಕೊಂದು ಬಂದವನ ಹಾಗೆ ಕೇಳಿಸಿತು ಅದು.
ಹಬ್ತೋಮ್ ತನ್ನ ಕೈ ನೋಡಿಕೊಂಡ.

ಆಮೇಲೆ ಹೇಳಿದ, ನಾನೂ ಹೇಳಿದೆ:

ನಾನು ಸಿಪಾಯಿ. ಎಣಿಸುವುದು ಚೆನ್ನಾಗಿ ಬರುತ್ತದೆ.
ಹದಿನಾಲ್ಕು ತಿಂಗಳು ರಜೆ ಕೊಟ್ಟಿರಲಿಲ್ಲ.
ಬಂದಾಗ ಮಂಚದ ಮೇಲೆ ಎರಡು ತಿಂಗಳ ಕೂಸು.
ಲೆತೆಬ್ರಹಾನ್ ಬಾಗಿಲ ಕಡೆ ನೋಡುತ್ತಿದ್ದಳು.
ಒಬ್ಬನ ಹೆಸರು ಹೇಳಲು ಬಾಯಿ ತೆರೆದಳು,
ಬೇಡ ಅಂದೆ.
ಹೇಳಿದ ಹೆಸರು ಮನೆ ಬಿಟ್ಟು ಹೋಗುವುದಿಲ್ಲ.

ಹೆಣ್ಣುಮಗುವಿಗೆ ನೀರು ಹಾಕುವುದು ಎಂಬತ್ತನೆಯ ದಿನ.
ನನ್ನ ರಜೆ ಎಪ್ಪತ್ತೇಳಕ್ಕೇ ಮುಗಿದಿತ್ತು. ನಿಂತೆ.
ನಮ್ಮಲ್ಲಿ ಮಗುವಿನ ಹೆಸರ ಹಿಂದೆ ಅಪ್ಪನ ಹೆಸರು ನಡೆಯುತ್ತದೆ.
ಪಾದ್ರಿ ಕೇಳುವ ಮೊದಲೇ ಕೂಗಿ ಹೇಳಿದೆ,
ಲುವಾಮ್ ಹಬ್ತೋಮ್,
ಹೊರಗಿನ ಕತ್ತೆಗಳಿಗೂ ಕೇಳುವಂತೆ.
ಆ ಮೂರು ದಿನಕ್ಕೆ
ಮೊಣಕೈ ಹಿಂದಕ್ಕೆ ಬಿಗಿದು
ಮೂರು ದಿನ ಬಿಸಿಲಿಗೆ ಹಾಕಿದರು.
ಲೆಕ್ಕ ಅಲ್ಲಿಗೆ ಚುಕ್ತಾ ಅಂದುಕೊಂಡಿದ್ದೆ.
ಲೆತೆಬ್ರಹಾನ್ ಈಗ ಕಸಾಲಾದ ಮಣ್ಣಲ್ಲಿದ್ದಾಳೆ.
ಅವಳನ್ನು ಯಾಕೆ ಎಬ್ಬಿಸುತ್ತೀರಿ?

ಮೊಣಕೈ ಎನ್ನುವಾಗ ನನ್ನ ಮೊಣಕೈ ನೊಂದಿತು.
ತೂರುನ್ ಬೆರಳು ಕೀಲಿಮಣೆಯ ಮೇಲೆ ನಿಂತು
ಮತ್ತೆ ಹೊರಟಿತು.

ನನಗೂ ಒಂದು ಮಾತಿತ್ತು.
ಆ ಕೋಣೆಯಲ್ಲಿ ನನ್ನ ನಾನಿಗೆ ಕುರ್ಚಿಯಿಲ್ಲ,
ಇಲ್ಲಿ ಹೇಳುತ್ತೇನೆ.
ಇದೇ ಊರ ಆಸ್ಪತ್ರೆಯಲ್ಲಿ ಹುಟ್ಟಿದ ನನ್ನ ಮಗ
ಡೆನ್ಮಾರ್ಕಿನಿಂದ ಹೆಪ್ಪುಗಟ್ಟಿ ಬಂದ ಶೀಶೆಯ ಹನಿ.
ನನ್ನ ಗಂಡ ಐವಿನ್ದ್ ಒಪ್ಪಿಗೆಯ ಹಾಳೆಗೆ ಸಹಿ ಹಾಕಿದ.
ಪೆನ್ನು ಬರೆಯಲಿಲ್ಲ, ನರ್ಸಿನದು ಕೇಳಿ ಪಡೆದ.
ಅಷ್ಟೇ. ಕಾನೂನು ಅವನನ್ನು ಅಪ್ಪಾ ಅಂದಿತು,
ಮಗ ಅನ್ನುವುದಕ್ಕೆ ಎರಡು ವರ್ಷ ಮೊದಲೇ.
ಯಾರೂ ಅವನ ಕೆನ್ನೆಗೆ ಕಡ್ಡಿ ತರಲಿಲ್ಲ.

'ಕೊನೆಯ ಪ್ರಶ್ನೆ. ಲುವಾಮಳಿಗೆ ನೀವು ಯಾರು?'

ಹಬ್ತೋಮ್ ಅಂದದ್ದು ಒಂದೇ ಪದ.
ನಾನು ಹೆಣ್ಣುದನಿಯಲ್ಲಿ, ಶುದ್ಧ ನಾರ್ವೇಜಿಯನ್ನಿನಲ್ಲಿ:
'ನಾನು ಅವಳ ಅಪ್ಪ.'
ತೂರುನ್ ನನ್ನ ಮುಖ ನೋಡಿ, ಅವನ ಮುಖ ನೋಡಿ,
ಟೈಪು ಮಾಡಿದಳು.

ಐದು ವಾರಕ್ಕೆ ಪತ್ರ ಬಂತು.
ಇಬ್ಬರು ಮಕ್ಕಳಿಗೆ ವೀಸಾ. ಮೂರನೆಯ ಅರ್ಜಿ ತಿರಸ್ಕೃತ.
ಮೇಲ್ಮನವಿಗೆ ಮೂರು ವಾರ.
ಬಂದರಿನ ಕಾಫಿ ಅಂಗಡಿಯಲ್ಲಿ ಕೂತು ಓದಿ ಹೇಳಿದೆ,
ದುಡ್ಡು ಬೇಡ ಅಂದು.
ಕಾರಣವೆಂದು ಬರೆದಿದ್ದ ಸಾಲು
ನಮ್ಮ ನುಡಿಗೆ ಬಂದದ್ದು ಹೀಗೆ:

ಹಬ್ತೋಮನ ಮಗಳು ಲುವಾಮ್
ಹಬ್ತೋಮನ ಮಗಳಲ್ಲ.

ಅವನು ಲೋಟ ಕೆಳಗಿಟ್ಟ.
ಮೊದಲಿನರ್ಧ, ಅಂದ,
ಇನ್ನೊಮ್ಮೆ ಓದು.