ಅಸ್ತರು

ಹನ್ನೊಂದನೆಯ ದಿನ ಹಾಸಿಗೆ ಒದ್ದೆ.
ಎಸಿ ಸೋರಿತೇನೋ ಎಂದು ಮೊದಲು ಮೇಲೆ ನೋಡಿದೆ.
ಮುಹರ್ರಕ್‌ನ ಈ ಕೋಣೆಯಲ್ಲಿ ಸೋರುವುದು ಅದೊಂದೇ.

ಗಡ್ಡೆಗಳಿದ್ದವು, ಲಿಂಬೆಯಷ್ಟು ಒಂದು, ಖರ್ಜೂರದಷ್ಟು ಮೂರು.
ಗರ್ಭಚೀಲ ಸಮೇತ ತೆಗೆದರು.
ಇನ್ನು ತಿಂಗಳ ತಂಟೆಯಿಲ್ಲ ಎಂದು ಇದಿನಬ್ಬ
ಕೋಲ್ಡ್ ಸ್ಟೋರಿನಿಂದ ದಾಳಿಂಬೆ ರಸದ ಇಡೀ ಕೇಸು ಹೊತ್ತು ತಂದಿದ್ದರು.
ತಿಂಗಳದ್ದು ಹೋಯಿತು.
ಈಗ ಇದು, ಗಳಿಗೆಗಳಿಗೆಯದು,
ಕೆಮ್ಮಿದರೆ, ಕೆಮ್ಮದಿದ್ದರೆ, ನಿದ್ದೆಯಲ್ಲಿ, ನಿಯ್ಯತ್ತಿನಲ್ಲಿ.

ಹದಿನೇಳು ವರ್ಷದಿಂದ ಅಬಾಯ ಹೊಲಿಯುತ್ತೇನೆ.
ಕಪ್ಪು ಬಟ್ಟೆಯಲ್ಲಿ ಒದ್ದೆ ಕಾಣುವುದಿಲ್ಲ.
ವಾಸನೆಗೆ ಬಣ್ಣದ ಹಂಗಿಲ್ಲ.
ಊದ್ ಉರಿಸಿದೆ. ಗಿರಾಕಿ ಮೂಗರಳಿಸಿ
"ಮನೆಯಲ್ಲಿ ಮದುವೆಯೇ?" ಎಂದಳು.
ಹೂಂ ಎಂದೆ.
ನೀರು ಕುಡಿಯುವುದು ಬಿಟ್ಟೆ,
ಜುಲೈಯಲ್ಲಿ, ಬಹ್ರೈನಿನಲ್ಲಿ.

ಮೊದಲ ಡಾಕ್ಟರು ಸೋಂಕು ಅಂದರು. ಎರಡನೆಯವರು, ವಯಸ್ಸು.
ಮೂರನೆಯವಳು, ಸುಡಾನಿನ ಹೆಂಗಸು, ಏನೂ ಅನ್ನದೆ
ಉಚ್ಚೆಚೀಲಕ್ಕೆ ನೀಲಿ ನೀರು ತುಂಬಿ
ಒಳಗೆ ಮೂರು ಹತ್ತಿಯುಂಡೆ ಇಟ್ಟು
ನಡೆದು ಬಾ ಎಂದಳು.
ಉದ್ದ ಕಾರಿಡಾರು. ಕಾಲು ಗಂಟೆ ನಡೆದೆ,
ಪರೀಕ್ಷೆಗೆ ತಡವಾದ ಹುಡುಗಿಯಂತೆ.
ಮೇಲಿನ ಉಂಡೆ ನೀಲಿ.
ಉಳ್ಳಾಲದ ಶಾಲೆಯಲ್ಲಿ ಲಂಗದ ಮೇಲೆ
ಪೆನ್ನು ಕಾರಿದ ಅದೇ ನೀಲಿ.

ತೂತು ಬಿದ್ದಿದೆ, ಎಂದಳು. ಎರಡು ಚೀಲಗಳ ನಡುವಿನ ಗೋಡೆಯಲ್ಲಿ.
ಬಹಳ ಅಪರೂಪ. ಸಾವಿರಕ್ಕೊಬ್ಬರಿಗೆ.

ಆ ಉಳಿದವರ ಹಾಸಿಗೆಗಳನ್ನು ನೆನೆದೆ, ಒಂಬೈನೂರ ತೊಂಬತ್ತೊಂಬತ್ತು,
ಒಣ ಒಣ.

ಅವಳ ಅರಬಿಗಿಂತ ಮೊದಲೇ ನನಗೆ ತಿಳಿದಿತ್ತು:
ಕಿಸೆಯ ಬಾಯಿ ಮಡಚುವಾಗ ಸೂಜಿ
ಒಮ್ಮೊಮ್ಮೆ ಕೆಳಗಿನ ಪದರವನ್ನೂ ಕಚ್ಚುತ್ತದೆ.
ನನ್ನ ಕೈಯಲ್ಲೂ ಆಗಿದೆ. ಬಿಚ್ಚಿ ಮತ್ತೆ ಹೊಲಿದಿದ್ದೇನೆ,
ಗಿರಾಕಿಗೆ ಹೇಳಿಲ್ಲ.
ಹಾಗಾಗಿ ಆ ಸರ್ಜನರ ಮೇಲೆ ಸಿಟ್ಟಾಗಬೇಕೋ ಬೇಡವೋ
ಇನ್ನೂ ತೀರ್ಮಾನಿಸಿಲ್ಲ.

ಈ ಊರ ಹೆಸರಿಗೆ ಎರಡು ಕಡಲು ಎಂದರ್ಥ.
ಉಪ್ಪುನೀರಿನ ತಳದಲ್ಲಿ ಸಿಹಿಬುಗ್ಗೆಗಳಿದ್ದವಂತೆ,
ಮುತ್ತು ಹೆಕ್ಕುವವರು ಮುಳುಗಿ
ತೊಗಲಚೀಲದಲ್ಲಿ ಹಿಡಿದು ತರುತ್ತಿದ್ದರಂತೆ.
"ಬೆರೆಯುತ್ತಿರಲಿಲ್ಲವೆ?" ಕೇಳಿದೆ ಮಹಡಿಯ ಉಮ್ಮ್ ಜಾಸಿಮ್‌ಗೆ.
ಚೀಲದ ಬಾಯಿ ಬಿಗಿಯಾಗಿ ಹಿಡಿಯಬೇಕು, ಎಂದಳು ಮುದುಕಿ,
ನನ್ನನ್ನು ನೋಡದೆ.
ಗೊತ್ತಿತ್ತೇನೋ ಅವಳಿಗೆ.

ಹೊತ್ತಿಗೊಂದು ಹೊಸ ವುಳೂ ಸಾಕು,
ನಡುವೆ ಸೋರಿದರೂ ನಮಾಜು ಸಲ್ಲುತ್ತದೆ,
ಉಸ್ತಾದರ ಹೆಂಡತಿ ಫೋನಿನಲ್ಲಿ ಹೇಳಿದಾಗ ಅತ್ತೆ.
ಕಾಯಿಲೆಗೆ ಅತ್ತಿರಲಿಲ್ಲ.

ಬಾವು ಇಳಿಯಲು ಮೂರು ತಿಂಗಳು ಕಾಯಬೇಕಿತ್ತು.
ಇದಿನಬ್ಬ ರಾತ್ರಿ ಪಕ್ಕದಿಂದ ಎದ್ದು ಹೋಗುತ್ತಿದ್ದರು.
ವಾಸನೆಗೆ, ಅಂದುಕೊಂಡೆ. ಕೇಳಲಿಲ್ಲ.
ಒಂದು ದಿನ ಹಿಂದೆಯೇ ಹತ್ತಿದೆ:
ಟೆರೇಸಿನಲ್ಲಿ, ಮೂರು ಗಂಟೆಯ ಬಿಸಿಗಾಳಿಯಲ್ಲಿ,
ನನ್ನ ಬಟ್ಟೆತುಂಡುಗಳನ್ನು ಒಗೆದು
ಡಿಶ್ ಆಂಟೆನಾದ ಮರೆಗೆ ಹರವುತ್ತಿದ್ದರು,
ಒಂದೊಂದರ ಸುಕ್ಕನ್ನೂ ಬಿಡಿಸಿ.
ಸದ್ದಿಲ್ಲದೆ ಇಳಿದು ಬಂದು ಮಲಗಿದೆ.

ಮತ್ತೆ ಹೊಲಿದರು.
ಈ ಸಲ ಎರಡು ಗೋಡೆಗಳ ನಡುವೆ
ನಿನ್ನದೇ ಕೊಬ್ಬಿನ ತುಂಡೊಂದನ್ನು ಎಳೆದು ಇಟ್ಟಿದ್ದೇನೆ, ಎಂದಳು ಸುಡಾನಿನವಳು.
ಅಸ್ತರು, ಎಂದೆ ಕನ್ನಡದಲ್ಲಿ.
ಗೊತ್ತಾದವಳಂತೆ ತಲೆಯಾಡಿಸಿದಳು.

ಮೂರು ವಾರಕ್ಕೆ ನಳಿಗೆ ತೆಗೆದರು. ಮರುದಿನ ಬೆಳಿಗ್ಗೆ
ಅಂಗೈಯಿಂದ ಹಾಳೆ ಸವರಿದೆ, ಮತ್ತೆ ಸವರಿದೆ,
ಗಿರಾಕಿ ರೇಷ್ಮೆ ನೋಡುವ ಹಾಗೆ.
ನೀರು ಕೊಡಿ ಎಂದೆ.
ಇದಿನಬ್ಬ ಅಭ್ಯಾಸಬಲದಿಂದ ಅರ್ಧ ಲೋಟ ತಂದರು.
ತುಂಬಿಸಿ, ಎಂದೆ.