ಶುಕ್ರವಾರದೊಳಗೆ

ಶುಕ್ರವಾರದೊಳಗೆ ಹೇಳಬೇಕು.
ಹಾಸ್ಟೆಲ್ಲಿನ ಕ್ಲಾರ್ಕಿಗೆ ಸಂಜೆ ನಾಲ್ಕರ ಮೊದಲು,
ಕಾಜುಬಾಗಿನ ಶೇವಂತಿಬಾಯಿಗೆ
ಅವಳು ಮೀನುಪೇಟೆಯಿಂದ ಮರಳುವುದರೊಳಗೆ.

ಹಾಸ್ಟೆಲ್ಲೆಂದರೆ ನಾಲ್ಕು ಕಬ್ಬಿಣದ ಮಂಚ, ಮೂರು ಕಪಾಟು,
ಐದಕ್ಕೆ ಬಂದು ಐದೂಮುಕ್ಕಾಲಿಗೆ ಹೋಗಿಬಿಡುವ ನೀರು.
ತಿಂಗಳಿಗೆ ಸಾವಿರದ ಎಂಟುನೂರು, ಊಟ ಸೇರಿ;
ಸಾರಿನ ತಳದಲ್ಲಿ ಬೇಳೆ ಉಂಟೋ ಇಲ್ಲವೋ
ಅವರವರ ನಂಬಿಕೆಗೆ ಬಿಟ್ಟದ್ದು.
ಏಳೂವರೆಗೆ ಗೇಟು. ಒಂಬತ್ತಕ್ಕೆ ಹಾಜರಿ.

ಶೇವಂತಿಬಾಯಿಯ ಮಾಳಿಗೆಯಲ್ಲಿ
ಒಂದು ಕಿಟಕಿ, ಒಂದು ಬಾಗಿಲು, ಒಂದು ಕೀಲಿ.
ಮೂರೂವರೆ ಸಾವಿರ, ಕರೆಂಟು ಬೇರೆ,
ಮುಂಗಡ ಹತ್ತು.
ಕೆಳಗೆ ಅಂಗಳದ ತುಂಬ ಚಾಪೆಯ ಮೇಲೆ ಒಣ ಸೀಗಡಿ.
ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದೆ ಬೆಳೆದು
ಕಾರವಾರಕ್ಕೆ ಮೀನು ಓದಲು ಬಂದವಳು ನಾನು,
ಸೆರಗಿಲ್ಲದ ಚೂಡಿದಾರದಲ್ಲಿ ಮೂಗಿಗೆ ಸೆರಗು ಹುಡುಕಿದೆ.
‘ಎರಡು ದಿನ ವಾಸ ಬರ್ತದೆ,’ ಅಂದಳು ಬಾಯಿ,
‘ಮೂರನೇ ದಿನ ಮೂಗೇ ಸುಮ್ಮನಾಗ್ತದೆ.’
ಆಮೇಲೆ ನನ್ನ ಬಕೀಟಿನ ಮೇಲೆ
ಉಗುರುಬಣ್ಣದಲ್ಲಿ ಬರೆದ ಹೆಸರು ಓದಿ ನಕ್ಕಳು:
‘ಹೊಸಮನಿ ಅಂತ ಹೆಸರಿಟ್ಕೊಂಡು
ಬಾಡಿಗೆ ಮನೆ ಹುಡುಕ್ತೀಯಲ್ಲೆ ಹುಡುಗಿ?’

ದಾಂಡೇಲಿಯಿಂದ ಅವ್ವನ ಫೋನು.
ಬಾಡಿಗೆ ಕೇಳಲಿಲ್ಲ, ಬೀಗ ಹೇಗಿದೆ ಕೇಳಲಿಲ್ಲ.
‘ಹಾಸ್ಟೆಲ್ಲಿನಾಗಾದ್ರ
ರಾತ್ರಿ ಯಾರರ ಒಬ್ಬರು ನಿನ್ನ ಎಣಸ್ತಾರಲ್ಲ,’ ಅಂದಳು.

ಮಿಲ್ಲಿನ ಕ್ವಾರ್ಟರ್ಸಿನ ಎರಡು ಕೋಣೆಯಲ್ಲಿ ಆರು ಜನ ನಾವು.
ನನ್ನದು ಅಂತ ಇದ್ದದ್ದು
ಹೊಲಿಗೆಯಂತ್ರದ ಎಡಗಡೆ ಡ್ರಾಯರು.
ಅದರೊಳಗೂ ಅವ್ವನ ಬಾಬಿನ್ನು, ಗುಂಡಿ, ರಸೀದಿ.
ಹಿತ್ತಲಲ್ಲಿ ನಾವು ಬಟ್ಟೆ ಒಗೆದ ಕಾಳಿಯ ನೀರು
ನನಗಿಂತ ಮೊದಲೇ ಇಲ್ಲಿಗೆ ಬಂದು, ಸದಾಶಿವಗಡದ ಕೆಳಗೆ,
ಯಾರನ್ನೂ ಕೇಳದೆ ಉಪ್ಪಾಗಿದೆ.

ಲ್ಯಾಬಿನ ಗಾಜಿನ ತೊಟ್ಟಿಯಲ್ಲಿ ಸನ್ಯಾಸಿ ಏಡಿ.
ಹೆಸರಿಗೆ ಸನ್ಯಾಸಿ,
ಹುಟ್ಟಿದಾಗಿನಿಂದ ಮನೆ ನೋಡುವುದೇ ಕೆಲಸ!
ಖಾಲಿ ಶಂಖ ಕಂಡರೆ ಮೀಸೆಯಲ್ಲಿ ತಡವಿ,
ಉರುಳಿಸಿ, ಒಳಗಿನ ಮರಳು ಚೆಲ್ಲಿ,
ಆಮೇಲೂ ನಿಂತು ಅನುಮಾನಿಸುತ್ತದೆ.
ಹಳೆಯದನ್ನು ಬಿಟ್ಟು ಹೊಸದಕ್ಕೆ ಹೊಗುವ ಆ ಅರೆಗಳಿಗೆ
ಅದರ ಹಿಂಬದಿ ಎಷ್ಟು ಮಿದು, ಎಷ್ಟು ಬತ್ತಲೆ,
ನೋಡಿದ ನಮಗೇ ನಾಚಿಕೆ.
‘ಬರೆದುಕೊಳ್ಳಿ,’ ಅಂದರು ಸರ್.
ಬರೆದುಕೊಂಡೆ: ಮುಂಗಡ ಇಲ್ಲ.

ಬುಧವಾರ ಬಾಯಿ ಕೀಲಿ ಕೊಟ್ಟಳು,
‘ಒಂದು ರಾತ್ರಿ ಇದ್ದು ನೋಡು, ದುಡ್ಡು ಬೇಡ.’
ಬಾಗಿಲು ಹಾಕಿ ಚಿಲಕ ಎಳೆದೆ.
ತೆಗೆದು, ಮತ್ತೆ ಎಳೆದೆ.
ಇಪ್ಪತ್ತೆರಡು ವರ್ಷದಲ್ಲಿ
ನಾನೇ ಹಾಕಿ ನಾನೇ ಕೇಳಿದ ಮೊದಲ ಚಿಲಕ.
ದೀಪ ಆರಿಸಲು ಯಾರನ್ನೂ ಕೇಳಬೇಕಿಲ್ಲ,
ಹಾಗಾಗಿ ಆರಿಸಲೇ ಇಲ್ಲ.
ನೆಲದ ಮೇಲೆ ಕಾಲು ಚಾಚಿ ಚುರುಮುರಿ ತಿಂದೆ,
ಜೋರಾಗಿ ಓದಿದೆ, ತಪ್ಪು ಓದಿದೆ, ಯಾರೂ ತಿದ್ದಲಿಲ್ಲ.
ಒಂಬತ್ತಾಯಿತು.
ಅತ್ತ ಭಟ್ಕಳದ ಫಿರ್ದೌಸ್
ತನ್ನ ದನಿಯಲ್ಲೊಮ್ಮೆ, ಮೂಗು ಹಿಡಿದು ನನ್ನ ದನಿಯಲ್ಲೊಮ್ಮೆ,
ಇಬ್ಬರ ಹಾಜರಿ ಹೇಳುತ್ತಿರಬೇಕು.
ಇಲ್ಲಿ ಸುಮ್ಮನೆ, ಗೋಡೆಗೆ,
‘ಇದ್ದೇನೆ ಮೇಡಂ’ ಅಂದೆ.
ಹಲ್ಲಿ ಲೊಚಗುಟ್ಟಿತು. ಕೆಳಗೆ
ಬಾಯಿ ಸೀಗಡಿಯ ಚಾಪೆ ಒಳಗೆಳೆದುಕೊಳ್ಳುವ ಸದ್ದು.

ಗುರುವಾರವಿಡೀ ಕೂಡಿಸಿದೆ, ಕಳೆದೆ.
ವಿದ್ಯಾರ್ಥಿವೇತನ ಬಂದರೆ ಮಾರ್ಚಿಗೆ;
ಮಾರ್ಚ್ ಬರುವುದು ಖಂಡಿತ, ಅದು ಬರುವುದಲ್ಲ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಹಾಸ್ಟೆಲ್ಲಿನ ಫಾರ್ಮು ತುಂಬಿದೆ.
ಕೀಲಿ ಮರಳಿಸಲು ಹೋದರೆ ಶೇವಂತಿಬಾಯಿ
ಬೈಯಲಿಲ್ಲ. ಬಂಗಡೆಯ ಕೈ ಒರೆಸಿಕೊಳ್ಳುತ್ತ
‘ಬಕೀಟು ಮೇಲೇ ಬಿಟ್ಟಿದ್ದೀಯಲ್ಲ,’ ಅಂದಳು.
ಮರೆತಿದ್ದೆ.
ಮೆಟ್ಟಿಲ ಬುಡದವರೆಗೆ ಹೋದೆ,
ಒಂದು ಕೈ ಕಟಕಟೆಯ ಮೇಲೆ.

‘ಇರಲಿ ಬಾಯಿ, ಸದ್ಯಕ್ಕೆ ಇರಲಿ.’

ಈಗ ನೀರು ಬರುವ ಐದಕ್ಕೆ
ಫಿರ್ದೌಸಳ ಬಕೀಟಿಗೆ ಕಾಯುತ್ತೇನೆ.
ಏನೇ ನಿಂದೆಲ್ಲಿ, ಅನ್ನುತ್ತಾಳೆ.
ಮನೆಯಲ್ಲಿದೆ, ಅನ್ನುತ್ತೇನೆ.